ಹದಿನಾಲ್ಕರಲ್ಲಿ ಹೋದವಳು

ನಮ್ಮ ಬಡಾವಣೆಯಲ್ಲಿ ಎಲ್ಲಿಗೆ ಹೊರಟೆ ಎಂದು ಯಾರೂ ಕೇಳುವುದಿಲ್ಲ. ಯಾತರಲ್ಲಿ ಹೊರಟೆ ಎಂದು ಕೇಳುತ್ತಾರೆ. ಪ್ರತಿ ಮನೆಯ ಬಾಗಿಲ ಪಕ್ಕದಲ್ಲೂ ಒಂದು ಸ್ಲೇಟು, ಅದಕ್ಕೆ ದಾರದಲ್ಲಿ ಕಟ್ಟಿದ ಬಳಪ. ಹೊರಗೆ ಹೋಗುವವರು ತಮ್ಮ ಹೆಸರಿನ ಮುಂದೆ ರೈಲು ಅಂತಲೋ, ಸ್ಕೂಟರ್ ಅಂತಲೋ, ಬಸ್ಸಿನ ನಂಬರನ್ನೋ ಬರೆದು ಹೋಗಬೇಕು. ಅದರಲ್ಲೇ ವಾಪಸು ಬಂದು ಅಂಗೈಯಲ್ಲಿ ಒರೆಸಬೇಕು. ಬೇರೆಯದರಲ್ಲಿ ಬಂದವರಿಗೆ ಮನೆ ಮರೆತುಹೋಗುತ್ತದೆ. ಇನ್ನೇನೂ ಮರೆಯುವುದಿಲ್ಲ. ಹೆಸರು, ಕೆಲಸ, ಹದಿನೇಳರ ಮಗ್ಗಿ ಎಲ್ಲ ನೆನಪಿರುತ್ತದೆ. ಮನೆ ಯಾವುದು, ಮನೆಯವರು ಯಾರು ಎನ್ನುವುದೊಂದು ಮಾತ್ರ ಹೋಗುತ್ತದೆ.

ಹಾಗೆಂದು ಇಲ್ಲಿ ಯಾರೂ ಮನೆಯಲ್ಲಿ ಕೂತಿಲ್ಲ. ಕೂರುವುದಾದರೂ ಹೇಗೆ, ಈ ಬಡಾವಣೆಯಷ್ಟು ಸಂಪರ್ಕ ಇರುವ ಜಾಗ ಇನ್ನೊಂದಿಲ್ಲವಂತೆ. ಒಂದು ಕಡೆ ರೈಲು ನಿಲ್ದಾಣ, ಇನ್ನೊಂದು ಕಡೆ ಹೆದ್ದಾರಿ, ಏಳು ಬಸ್ಸಿನ ಮಾರ್ಗ, ಈಗ ಮೆಟ್ರೊ ಬೇರೆ. ಪ್ರವೇಶದ ಕಮಾನಿನ ಮೇಲೆ ‘ಎಲ್ಲಿಗಾದರೂ ಹತ್ತಿರ’ ಎಂದು ದಪ್ಪಕ್ಷರದಲ್ಲಿ ಬರೆಸಿದ್ದಾರೆ. ಓದಿದಾಗಲೆಲ್ಲ ಕಲ್ಲು ಹೊಡೆಯಬೇಕು ಅನ್ನಿಸುತ್ತದೆ. ಎರಡು ಸಲ ಹೊಡೆದಿದ್ದೇನೆ. ಜನ ಹೊಂದಿಕೊಂಡಿದ್ದಾರೆ. ಮದುವೆ ದಿಬ್ಬಣದ ವ್ಯಾನು ಬರುವಾಗ ಕೆಟ್ಟು ನಿಂತರೆ, ಮೆಕ್ಯಾನಿಕ್ ಬರುವವರೆಗೆ ಮದುಮಗಳ ಸಮೇತ ರಸ್ತೆ ಬದಿಯಲ್ಲೇ ಚಕ್ಕುಲಿ ತಿನ್ನುತ್ತಾ ಕೂತಿರುತ್ತಾರೆ. ಸತ್ತವರನ್ನು ಮಾತ್ರ ಯಾವುದರಲ್ಲಿ ತಂದರೂ ನಡೆಯುತ್ತದೆ. ಅವರಿಗೆ ಮನೆ ನೆನಪಿರಬೇಕಾದ ಅಗತ್ಯವಿಲ್ಲ.

ನಾನು ರೈಲು ನಿಲ್ದಾಣದ ಹೊರಗಿನ ಬೈಕ್ ಸ್ಟ್ಯಾಂಡಿನಲ್ಲಿ ಕೆಲಸಕ್ಕಿದ್ದೇನೆ. ಬಡಾವಣೆ ಬಿಟ್ಟು ಹೋಗುವ ಪ್ರಸಂಗವೇ ಇಲ್ಲ. ಬೆಳಿಗ್ಗೆ ಗಾಡಿ ನಿಲ್ಲಿಸಿ ರೈಲು ಹತ್ತಿದವರು ಸಂಜೆ ಬಂದು ಟೋಕನ್ ಕೊಡುತ್ತಾರೆ. ಯಾವುದಾದರೂ ಗಾಡಿಯ ಸೀಟಿನ ಮೇಲೆ ಮೂರು ದಿನದ ಧೂಳು ಕೂತರೆ ನನಗೆ ಅರ್ಥವಾಗುತ್ತದೆ, ಆ ಮನುಷ್ಯ ಬಸ್ಸಿನಲ್ಲೋ ಯಾರದೋ ಕಾರಿನಲ್ಲೋ ಬಂದುಬಿಟ್ಟಿದ್ದಾನೆ. ನಾನು ಅವುಗಳ ಸೀಟು ದಿನಾ ಒರೆಸುತ್ತೇನೆ. ಯಾಕೆ ಎಂದು ಕೇಳಿದವರಿಗೆ ನಿನಗ್ಯಾಕೆ ಎಂದಿದ್ದೇನೆ. ಎಂಟನೆಯ ಕ್ಲಾಸಿನಲ್ಲಿ ಗಣಿತದ ಮೇಷ್ಟ್ರು ನನ್ನ ಅಕ್ಕನ ಬಗ್ಗೆ ಏನೋ ಅಂದರೆಂದು ಡಸ್ಟರ್ ತೆಗೆದು ಅವರ ಮೇಲೇ ಎಸೆದು ಬಂದವನು ನಾನು. ಮತ್ತೆ ಆ ಗೇಟಿನ ಒಳಗೆ ಕಾಲಿಟ್ಟಿಲ್ಲ.

ಅಕ್ಕನ ಹೆಸರು ನಾಗವೇಣಿ. ಅಪ್ಪ ತೀರಿಕೊಂಡ ಮೇಲೆ ಮನೆ ಹೊತ್ತವಳು ಅವಳೇ. ಪೇಟೆಯಲ್ಲಿ ಒಂದು ಕನ್ನಡಕದ ಅಂಗಡಿಯಲ್ಲಿ ಕೆಲಸ. ಬೆಳಿಗ್ಗೆ ಹದಿನಾಲ್ಕನೆಯ ನಂಬರಿನ ಬಸ್ಸಿನಲ್ಲಿ ಹೋಗಿ ಸಂಜೆ ಹದಿನಾಲ್ಕರಲ್ಲೇ ಬರುತ್ತಿದ್ದಳು. ಬಾಯಿ ಜೋರು. ನನ್ನನ್ನು ಕತ್ತೆ ಅನ್ನುವುದು ಬಿಟ್ಟು ಹೆಸರು ಹಿಡಿದು ಕರೆದದ್ದಿಲ್ಲ. ಒಂದೂವರೆ ವರ್ಷಕ್ಕೂ ಹಿಂದೆ ಒಂದು ಬೆಳಿಗ್ಗೆ ಅವಳು ಒಂದು ಫಾರ್ಮ್ ತಂದು ನನ್ನ ಕಾಫಿ ಲೋಟದ ಪಕ್ಕ ಇಟ್ಟಳು. ಮನೆಯಲ್ಲೇ ಓದಿ ಹತ್ತನೆಯ ಕ್ಲಾಸು ಪರೀಕ್ಷೆ ಕಟ್ಟುವ ಫಾರ್ಮು. ನನ್ನ ಹೆಸರು, ಹುಟ್ಟಿದ ತಾರೀಖು ಎಲ್ಲ ಅವಳೇ ತುಂಬಿದ್ದಳು.

“ಸಹಿ ಹಾಕು,” ಅಂದಳು.

“ಯಾರನ್ನ ಕೇಳಿ ತಂದೆ?”

“ಕತ್ತೆ ಕೇಳಿ ಯಾರಾದ್ರೂ ಮೂಟೆ ಹೊರಿಸ್ತಾರೇನೋ? ಹಾಕು.”

ನಾನು ಫಾರ್ಮನ್ನು ನಾಲ್ಕು ತುಂಡು ಮಾಡಿದೆ. ಅಷ್ಟಕ್ಕೆ ನಿಲ್ಲಿಸಬಹುದಿತ್ತು. “ನೀನೇನು ನನ್ನ ಅಪ್ಪನಾ? ನಿನ್ನ ಮುಖ ನೋಡಿ ನೋಡಿ ಸಾಕಾಗಿದೆ. ಸಂಜೆ ಬರಲೇಬೇಡ ಹೋಗು,” ಎಂದೆ. ಅಮ್ಮ ಒಲೆಯ ಮುಂದಿನಿಂದ “ಚೆಲ್ವಾ!” ಎಂದು ಕೂಗಿದಳು. ಅಕ್ಕ ಬ್ಯಾಗ್ ಹೆಗಲಿಗೇರಿಸಿದಳು. ಸ್ಲೇಟಿನ ಮೇಲೆ ತನ್ನ ಹೆಸರಿನ ಮುಂದೆ 14 ಎಂದು ಬರೆದಳು. ಬಳಪ ಮುರಿಯುವ ಹಾಗೆ ಒತ್ತಿ ಬರೆದಳು. ಹೋದಳು.

ಅವತ್ತೇ ಮೆಟ್ರೊ ಶುರುವಾದದ್ದು. ಸಂಜೆ ಅಕ್ಕ ಮೆಟ್ರೊದಲ್ಲಿ ಬಂದಳು.

ಹದಿನಾಲ್ಕರಲ್ಲಾಗಿದ್ದರೆ ಕಂಡಕ್ಟರ್ ಖಾಸಿಮಣ್ಣ ಕಮಾನಿಗೆ ಮುಂಚಿನ ಸ್ಟಾಪಿನಲ್ಲಿ ಎದ್ದು ನಿಂತು, “ಬೆಳಿಗ್ಗೆ ಇದ್ರಲ್ಲೇ ಹೋದೋರು ಕೂತ್ಕಳಿ, ಮಿಕ್ಕೋರು ಇಳ್ಕಳ್ರಪ್ಪಾ, ಆಮೇಲೆ ನನ್ನ ಬೈಬೇಡಿ,” ಎಂದು ಕೂಗುತ್ತಾನೆ. ಮೆಟ್ರೊದಲ್ಲಿ ಹಾಗೆ ಕೇಳುವವರಿಲ್ಲ. ಬಾಗಿಲು ತೆರೆಯಿತು, ಅಕ್ಕ ಇಳಿದಳು. ನಮ್ಮ ಬೀದಿಯ ತುದಿಯಲ್ಲೇ ಹಾದುಹೋದಳಂತೆ. ಮೂರನೆಯ ಅಡ್ಡರಸ್ತೆಯಲ್ಲಿ ಬೇವಿನ ಮರದ ಕೆಳಗೆ ಬ್ಯಾಗ್ ಅಪ್ಪಿಕೊಂಡು ನಿಂತಿದ್ದವಳನ್ನು ಅಂಬುಜಮ್ಮ ಎನ್ನುವವರು ನೋಡಿ, ಬಾ ತಾಯಿ, ಮೊದಲು ಕೂತ್ಕೊ, ಎಂದು ಒಳಗೆ ಕರೆದುಕೊಂಡರು. ಇಲ್ಲಿಯ ಪದ್ಧತಿ ಅದು. ತಪ್ಪಿ ಬಂದವರು ಯಾರ ಮನೆಯ ಮುಂದೆ ನಿಂತರೋ ಆ ಮನೆಯವರು ಮಣೆ ಹಾಕಿ ತಮ್ಮವರಾಗಿ ಇಟ್ಟುಕೊಳ್ಳಬೇಕು.

ನೀನು ನನ್ನ ಅಕ್ಕ, ಬಾ, ಎಂದು ಹೇಳಬಾರದು ಎಂದೇನಿಲ್ಲ. ಹೇಳಿದವರಿದ್ದಾರೆ. ಕೇಳಿಸಿಕೊಂಡವರು ನಯವಾಗಿ ಕೈಮುಗಿಯುತ್ತಾರೆ, ಆಮೇಲೆ ಆ ಬೀದಿಯ ಕಡೆಗೇ ಬರುವುದಿಲ್ಲ. ಗುರುತಿಲ್ಲದವರು ಬಂದು ನೀನು ನಮ್ಮವಳು ಎಂದು ಅತ್ತರೆ ಯಾರಿಗಾದರೂ ಹೆದರಿಕೆಯಾಗುತ್ತದೆ. ಸರಿಮಾಡುವುದಕ್ಕೆ ಒಂದೇ ದಾರಿ. ತಪ್ಪಿ ಬಂದವರು ಬಂದದ್ದರಲ್ಲೇ ಹೊರಗೆ ಹೋಗಿ, ಮೊದಲು ಹೋಗಿದ್ದರಲ್ಲಿ ಒಳಗೆ ಬರಬೇಕು. ತಾವಾಗಿ ಹತ್ತಿ ಬರಬೇಕು, ಎಳೆದು ತಂದರೆ ಆಗುವುದಿಲ್ಲ. ಆಗ ಹಳೆಯ ಮನೆ ಸಿಗುತ್ತದೆ, ಹೊಸ ಮನೆ ಹೋಗುತ್ತದೆ. ಇರುವ ಮನೆಯನ್ನು ಬಿಟ್ಟು ನೆನಪಿಲ್ಲದ ಮನೆಗೆ ಬಸ್ಸು ಹತ್ತುವವರು ಎಷ್ಟು ಜನ?

ನನ್ನನ್ನು ತಿನ್ನುತ್ತಿದ್ದದ್ದು ಇನ್ನೊಂದು ಪ್ರಶ್ನೆ. ಅಕ್ಕ ಹುಟ್ಟಿದ್ದು ಇಲ್ಲೇ. ತಪ್ಪಿ ಹತ್ತುವವಳಲ್ಲ. ಸಂಜೆ ಬರಲೇಬೇಡ ಎಂದು ನಾನೇ ಹೇಳಿದ್ದೆ. ಅವಳು ಬೇಕೆಂದೇ ಮೆಟ್ರೊ ಹತ್ತಿದಳೇ?

ಅಮ್ಮ ಅದನ್ನು ಒಂದು ದಿನವೂ ಕೇಳಲಿಲ್ಲ. ಅವಳು ಸ್ಲೇಟಿನ ಮೇಲಿನ ಆ 14 ಅನ್ನು ಯಾರೂ ಮುಟ್ಟದ ಹಾಗೆ ಕಾಯುತ್ತಿದ್ದಳು. ಹಬ್ಬಕ್ಕೆ ಸುಣ್ಣ ಹೊಡೆಯುವವರು ಬಂದಾಗ ಸ್ಲೇಟನ್ನು ದೇವರ ಫೋಟೋ ಇಳಿಸುವ ಹಾಗೆ ಎರಡೂ ಕೈಯಲ್ಲಿ ಇಳಿಸಿ ಅಕ್ಕಿ ಡಬ್ಬದ ಮೇಲಿಟ್ಟಳು. ದಿನಾ ಸಂಜೆ ಆರೂವರೆಗೆ ಹದಿನಾಲ್ಕರ ಸ್ಟಾಪಿನಲ್ಲಿ ಹೋಗಿ ನಿಲ್ಲುತ್ತಿದ್ದಳು. ಬಸ್ಸು ಖಾಲಿಯಾದ ಮೇಲೆ ಖಾಸಿಮಣ್ಣ ಮೆಟ್ಟಿಲ ಮೇಲಿಂದ, “ಇವತ್ತಿಲ್ಲ ಕಣಕ್ಕಾ,” ಅನ್ನುತ್ತಿದ್ದ. ಅಮ್ಮ ತಲೆಯಾಡಿಸಿ ಕೊತ್ತಂಬರಿ ಸೊಪ್ಪು ಕೊಂಡು ಬರುತ್ತಿದ್ದಳು.

ಅಂಬುಜಮ್ಮನ ಮೇಲೆ ನನಗೆ ಕೆಂಡದಂಥ ಸಿಟ್ಟು. ನಮ್ಮ ಹುಡುಗಿಯನ್ನು ಇಟ್ಟುಕೊಂಡು ಕೂತಿದ್ದಾಳೆ ಮುದುಕಿ ಎಂದು ಬೈಯಲಿಕ್ಕೇ ಒಂದು ಭಾನುವಾರ ಹೋದೆ. ಆಕೆ ಸೀರೆಗೆ ಕುಚ್ಚು ಹಾಕಿಕೊಡುವವರು. ನೆಪಕ್ಕೆ ಅಮ್ಮನ ಒಂದು ಸೀರೆ ಕಂಕುಳಲ್ಲಿತ್ತು. ಬಾಗಿಲು ತೆಗೆದವಳು ಅಕ್ಕ.

“ಬನ್ನಿ, ಒಳಗೆ ಬನ್ನಿ. ಕುಚ್ಚಿಗಾ?” ಎಂದಳು.

ಬನ್ನಿ ಎಂದಳು. ನನಗೆ. ತಲೆಯಾಡಿಸಿ ಕೂತೆ. ಅಂಬುಜಮ್ಮ ಒಳಗಿಂದ ಬಂದು ನನ್ನ ಮುಖ ನೋಡಿದರು, ಅವಳ ಮುಖ ನೋಡಿದರು. ನಮ್ಮಿಬ್ಬರಿಗೂ ಅಪ್ಪನ ಮೂಗು. ಆಕೆ ನನ್ನ ಮುಂದೆ ಕಾಫಿ ಇಟ್ಟು, “ಭಾನುವಾರ ಭಾನುವಾರ ಬನ್ನಿ, ಕೆಲಸ ನಿಧಾನ ಆಗುತ್ತೆ,” ಎಂದರು.

ಒಂದು ಸೀರೆಯ ಕುಚ್ಚಿಗೆ ನಾನು ಆರು ವಾರ ಓಡಾಡಿದೆ. ಅಮ್ಮನ ಸೀರೆಗಳೆಲ್ಲ ಮುಗಿದ ಮೇಲೆ ಅಕ್ಕನದೇ ಹಸಿರು ಸೀರೆ ತೆಗೆದುಕೊಂಡು ಹೋದೆ. ಅದನ್ನು ಅವಳು ತೊಡೆಯ ಮೇಲೆ ಹರಡಿಕೊಂಡು, “ಯಾರ್ದು? ಒಳ್ಳೆ ಆಯ್ಕೆ,” ಎಂದಳು. “ನಮ್ಮಕ್ಕಂದು,” ಎಂದೆ. ದಾರ ಎಣಿಸುತ್ತಾ ಅವಳು ನನ್ನ ಸ್ಟ್ಯಾಂಡಿನ ಕತೆ ಕೇಳುತ್ತಿದ್ದಳು. ಬಡಾವಣೆ ಸಂಘದ ಅಧ್ಯಕ್ಷರ ಸ್ಕೂಟರಿನ ಗಾಳಿ ನಾನೇ ಬಿಟ್ಟು, ನಾನೇ ಪಂಪು ತಂದುಕೊಟ್ಟು, ಥ್ಯಾಂಕ್ಸ್ ಹೇಳಿಸಿಕೊಂಡದ್ದನ್ನು ಹೇಳಿದರೆ ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ನಮ್ಮ ಮನೆಯಲ್ಲಿ ಅವಳು ಹಾಗೆ ನಕ್ಕದ್ದನ್ನು ನಾನು ನೋಡಿಯೇ ಇರಲಿಲ್ಲ. ನಗುವಾಗ ಒಂದು ಕೈ ಹೊಟ್ಟೆ ಹಿಡಿದುಕೊಳ್ಳುತ್ತಾಳೆ ಎಂದೇ ನನಗೆ ಗೊತ್ತಿರಲಿಲ್ಲ. ಇಪ್ಪತ್ತೆರಡು ವರ್ಷ ಒಂದೇ ಮನೆಯಲ್ಲಿದ್ದೆವು.

ಹೀಗೇ ವರ್ಷ ಕಳೆಯಿತು. ಭಾನುವಾರ ಬಂದರೆ ಸಾಕು ಅನ್ನಿಸುತ್ತಿತ್ತು, ವಾಪಸು ಬಂದ ಮೇಲೆ ಅಮ್ಮನ ಮುಖ ನೋಡಲು ಆಗುತ್ತಿರಲಿಲ್ಲ. ಆಮೇಲೆ ಒಂದು ಸೋಮವಾರ ಸ್ಟಾಪಿನ ಕಂಬದ ಮೇಲೆ ನೋಟೀಸು ಅಂಟಿಸಿದ್ದರು. ಮೆಟ್ರೊ ಬಂದಿರುವುದರಿಂದ ಪ್ರಯಾಣಿಕರು ಕಡಿಮೆಯಾಗಿದ್ದು, ಮಾರ್ಗ ಸಂಖ್ಯೆ 14 ಈ ಶನಿವಾರದ ನಂತರ ರದ್ದು. ನಾನು ನೋಟೀಸು ಕಿತ್ತು ಹರಿದೆ. ಸಂಘದ ಕಚೇರಿಗೆ ಹೋಗಿ ಕೂಗಾಡಿದೆ.

“ಹದಿನಾಲ್ಕರಲ್ಲಿ ಹೋಗಿ ಬಾರದೇ ಇರೋರು ಏನಾಗ್ಬೇಕ್ರಿ? ಅವರಿಗೆ ಇನ್ಯಾವ ದಾರಿ?”

ಅಧ್ಯಕ್ಷರು ಕನ್ನಡಕ ತೆಗೆದು ಒರೆಸಿಕೊಂಡರು. “ಹೋದೋರು ಹೋದ್ರಪ್ಪ. ಎಲ್ಲೋ ಒಂದು ಮನೇಲಿ ಊಟ ಮಾಡ್ಕೊಂಡು ಚೆನ್ನಾಗೇ ಇರ್ತಾರಲ್ಲ. ಇಲ್ಲಿ ಯಾರನ್ನಾದ್ರೂ ಬೀದೀಲಿ ಬಿಟ್ಟಿದೀವಾ?”

ಉತ್ತರವಿಲ್ಲದಾಗ ನನ್ನ ಕೈ ಮುಂದಾಗುತ್ತದೆ. ಅಲ್ಲಿದ್ದವರು ಹಿಡಿದು ಹೊರಗೆ ತಳ್ಳಿದರು. ಅಲ್ಲಿಂದ ನೇರ ಮೂರನೆಯ ಅಡ್ಡರಸ್ತೆಗೆ ಹೋದೆ. ಭಾನುವಾರವಲ್ಲ, ಕಂಕುಳಲ್ಲಿ ಸೀರೆಯಿಲ್ಲ. ಅಕ್ಕ ಆಗಷ್ಟೇ ಕೆಲಸದಿಂದ ಬಂದು ಕಾಲು ತೊಳೆಯುತ್ತಿದ್ದಳು. ಅಂಬುಜಮ್ಮ ನನ್ನ ಹರಿದ ಜೇಬು ನೋಡಿ, “ನೋಟೀಸು ಓದಿದ್ರಾ?” ಎಂದರು. ಒಳಗೆ ಹೋಗಿ ಬಾಗಿಲು ಮುಂದೆ ಮಾಡಿಕೊಂಡರು.

ಅಕ್ಕ ಒದ್ದೆ ಕಾಲಲ್ಲೇ ಹತ್ತಿರ ಬಂದು ಕೇಳಿದಳು, “ನೀವು ಕುಚ್ಚಿಗೆ ಬರೋರಲ್ಲ, ಅಲ್ವಾ?”

“ಅಲ್ಲ.”

“ನನಗೆ ಅನ್ನಿಸ್ತಿತ್ತು. ಒಂದೇ ಸೀರೆಗೆ ಎರಡೆರಡು ಸಲ ಕುಚ್ಚು ಹಾಕಿಸೋರನ್ನ ನಾನು ನೋಡಿರ್ಲಿಲ್ಲ.” ನಗಲು ನೋಡಿದಳು. “ನಾನು ಆ ಮನೇಲಿ ಹೆಂಗಿದ್ದೆ?”

ಸುಳ್ಳು ಹೇಳಬಹುದಿತ್ತು. “ಸಿಡುಕಿ. ಬೆಳಿಗ್ಗೆ ಎದ್ದರೆ ಬೈಗುಳ. ನನ್ನನ್ನಂತೂ ಕತ್ತೆ ಅಂತ್ಲೇ ಕರೀತಿದ್ರಿ.”

“ಅಯ್ಯೋ, ಹಂಗಾದ್ರೆ ಹೋಗೋದೇ ಬೇಡ ಬಿಡಿ,” ಎಂದು ಈಗ ನಿಜವಾಗಿ ನಕ್ಕಳು. ನಗು ಮುಗಿದ ಮೇಲೆ ಒಳಗೆ ಹೋಗಿ ತನ್ನ ಬ್ಯಾಗ್ ತಂದಳು. ಒಳಜೇಬಿನಿಂದ ನಾಲ್ಕಾಗಿ ಮಡಿಸಿದ ಒಂದು ಕಾಗದ ತೆಗೆದಳು. “ಇದು ಅವತ್ತಿನಿಂದ ಇದರಲ್ಲೇ ಇದೆ. ಯಾರಿಗೆ ಅಂತ ಗೊತ್ತಿಲ್ಲ. ಎಸೆಯೋಕೆ ಮನಸ್ಸು ಬರ್ಲಿಲ್ಲ.”

ಪರೀಕ್ಷೆಯ ಫಾರ್ಮು. ಹರಿದದ್ದಲ್ಲ, ಹೊಸದು. ಹೆಸರಿನ ಜಾಗ ಖಾಲಿ. ಮೂಲೆಯಲ್ಲಿ ಆ ದಿನದ ತಾರೀಖಿನ ಮುದ್ರೆ, ಪಕ್ಕದಲ್ಲಿ ಸಂಜೆ ಐದೂ ಐವತ್ತು ಎಂದು ಕೈಯಲ್ಲಿ ಬರೆದ ಸಮಯ. ಹದಿನಾಲ್ಕರ ಕೊನೆಯ ಬಸ್ಸು ಪೇಟೆ ಬಿಡುವುದು ಐದೂವರೆಗೆ.

ನಾನು ಹರಿದದ್ದಕ್ಕೆ ಅವಳು ಮತ್ತೊಂದು ತರಲು ಹೋಗಿದ್ದಳು. ಸಾಲಿನಲ್ಲಿ ನಿಂತು ಬಸ್ಸು ತಪ್ಪಿತು. ಮನೆಗೆ ಬೇಗ ಮುಟ್ಟಬೇಕೆಂದು, ಅಮ್ಮ ಕಾಯುತ್ತಾಳೆಂದು, ಆ ಗಡಿಬಿಡಿಯಲ್ಲಿ ಎದುರಿಗೆ ಬಂದ ಹೊಸ ಮೆಟ್ರೊ ಹತ್ತಿದ್ದಳು. ಬರಬೇಡ ಎಂದವನ ಮನೆಗೇ ಬರುತ್ತಿದ್ದಳು. ನನಗೆ ಅಳು ಬರುವುದಿಲ್ಲ, ಸಿಟ್ಟೇ ಬರುವುದು. ಅವತ್ತು ಯಾರ ಮೇಲೆ ಸಿಟ್ಟಾಗಬೇಕೆಂದು ತಿಳಿಯದೆ ಬೇವಿನ ಮರಕ್ಕೆ ಗುದ್ದಿದೆ. ಗೆಣ್ಣು ಸುಲಿಯಿತು. ಅಕ್ಕ ಕೈ ಹಿಡಿದು ಅರಿಸಿನ ಹಚ್ಚಿದಳು. “ಇದು ನಿಮ್ದಾ?” ಎಂದಳು ಫಾರ್ಮು ತೋರಿಸಿ. ನಾನು ತಲೆಯಾಡಿಸಿದೆ. “ಹಂಗಾದ್ರೆ ತುಂಬಿಸಿ. ಶನಿವಾರ ಬಸ್ಸಲ್ಲಿ ತೋರಿಸಿ,” ಎಂದಳು.

ಶನಿವಾರ ನಾನು ಜೀವಮಾನದಲ್ಲಿ ಮೊದಲ ಸಲ ಸ್ಲೇಟಿನ ಮೇಲೆ ನನ್ನ ಹೆಸರಿನ ಮುಂದೆ 14 ಬರೆದೆ. ಯಾಕೆಂದು ಅಮ್ಮನಿಗೆ ಹೇಳಲಿಲ್ಲ. ಆಸೆ ಹುಟ್ಟಿಸಿ ಬರಿಗೈಯಲ್ಲಿ ಬಂದರೆ ಅವಳು ಉಳಿಯುವುದಿಲ್ಲ. ಅಕ್ಕ ಎಂದಿನಂತೆ ಮೆಟ್ರೊದಲ್ಲಿ ಹೋಗಿದ್ದಳು. ಸಂಜೆ ಐದೂವರೆಗೆ ಪೇಟೆಯಲ್ಲಿ ಕೊನೆಯ ಬಸ್ಸು ಹೊರಟಿತು. ಯಾರೋ ಮುಂದಿನ ಗಾಜಿಗೆ ಸೇವಂತಿಗೆ ಹಾರ ಕಟ್ಟಿದ್ದರು. ಅಕ್ಕ ಓಡಿ ಬಂದು ಹತ್ತಿದಳು. ಕೈಯಲ್ಲಿ ಅಂಬುಜಮ್ಮ ಕಟ್ಟಿಕೊಟ್ಟ ಡಬ್ಬಿ.

“ಒಬ್ಬಟ್ಟು,” ಎಂದಳು ಪಕ್ಕ ಕೂರುತ್ತಾ. “ಬೆಳಿಗ್ಗೆ ನಾಲ್ಕು ಗಂಟೆಗೆ ಎದ್ದು ಮಾಡಿದ್ರು. ಮಾಡುವಾಗ ಅಳ್ತಾನೇ ಇದ್ರು, ಉಪ್ಪಾಗಿರಬಹುದು, ನೋಡಿ.”

ಉಪ್ಪಾಗಿರಲಿಲ್ಲ. ಇಬ್ಬರೂ ತಿಂದೆವು. ನಾನು ಫಾರ್ಮು ತೋರಿಸಿದೆ. ನಾಲ್ಕು ಸಂಜೆ ಕೂತು ತುಂಬಿದ್ದೆ. ಅವಳು ಒಂದೊಂದೇ ಸಾಲು ಓದಿ, ತುಂಬ ಚೆನ್ನಾಗಿದೆ ಎಂದಳು. ಅಷ್ಟು ಹಸಿ ಸುಳ್ಳನ್ನು ನನಗಾಗಿ ಯಾರೂ ಹೇಳಿರಲಿಲ್ಲ. ಫಾರ್ಮು ನನ್ನ ಕೈಗೆ ಕೊಟ್ಟು ಕಿಟಕಿಯ ಕಡೆ ತಿರುಗಿದಳು. ಬಸ್ಸು ಇನ್ನೂ ನಿಧಾನ ಹೋಗಲಿ ಅನ್ನಿಸಿತು. ಅಮ್ಮನಿಗೆ ಮಗಳು ಬೇಕು, ನನಗೆ ಅಕ್ಕ ಬೇಕು, ನಿಜ. ಆದರೆ ಈ ಪಕ್ಕದಲ್ಲಿ ಕೂತವಳೂ ಬೇಕು. ಅದನ್ನು ಕೇಳುವುದಾದರೂ ಯಾರ ಹತ್ತಿರ?

ಕಮಾನಿಗೆ ಮುಂಚಿನ ಸ್ಟಾಪಿನಲ್ಲಿ ಖಾಸಿಮಣ್ಣ ಎದ್ದು ನಿಂತ. ಎಂದಿನ ಮಾತು ಕೂಗಲು ಬಾಯಿ ತೆರೆದವನು ಅಕ್ಕನನ್ನು ನೋಡಿ ಸುಮ್ಮನಾದ. ಹತ್ತಿರ ಬಂದು ಮೆಲ್ಲಗೆ, “ಇಳೀತೀಯೇನಮ್ಮಾ?” ಎಂದ.

ಅಕ್ಕ ಡಬ್ಬಿಯ ಮುಚ್ಚಳ ಒತ್ತಿ ಹಾಕಿದಳು. “ಇಲ್ಲಣ್ಣ, ಹೋಗಿ.”

ಬಸ್ಸು ಹೊರಟಿತು. ಅವಳು ನನ್ನ ಕಡೆ ತಿರುಗಿದಳು. “ನಿಮ್ಮಕ್ಕ ಬಂದ ಮೇಲೆ ಅವಳಿಗೊಂದು ಮಾತು ಹೇಳ್ಬೇಕು ನೀವು. ನಾನು ಹೇಳಿದೆ ಅಂತಾನೇ ಹೇಳಿ. ಮರೀಬೇಡಿ. ಅವಳಿಗೆ ಹೇಳಿ—”

ಕಮಾನಿನ ನೆರಳು ಅವಳ ಮುಖದ ಮೇಲೆ ಹಾದುಹೋಯಿತು.

ಹುಬ್ಬು ಗಂಟಾಯಿತು. ನನ್ನನ್ನು ಮೇಲಿಂದ ಕೆಳಗೆ ನೋಡಿದಳು. “ಏನೋ ಹಂಗೆ ನೋಡ್ತೀಯ, ಕತ್ತೆ? ಮಾತಾಡಿಸ್ಬೇಡ ನನ್ನ.” ಕೈಯಲ್ಲಿದ್ದ ಫಾರ್ಮಿನ ಮೇಲೆ ಕಣ್ಣು ಬಿತ್ತು. ಕಿತ್ತುಕೊಂಡು ನೋಡಿದಳು. “ಇದೇನು ಕಾಗೆ ಕಾಲು ಗುಬ್ಬಿ ಕಾಲು! ತಾರೀಖು ಬೇರೆ ಮುಗಿದುಹೋಗಿದೆ. ಬೇರೆ ತರ್ತೀನಿ. ಅದನ್ನ ಹರಿ, ಆಮೇಲೆ ಇದೆ ನಿನಗೆ.” ಎದ್ದು ಹೋಗಿ ಮುಂದಿನ ಹೆಂಗಸರ ಸೀಟಿನಲ್ಲಿ ನನಗೆ ಬೆನ್ನು ಹಾಕಿ ಕೂತಳು. ಒಬ್ಬಟ್ಟಿನ ಡಬ್ಬಿ ನನ್ನ ಪಕ್ಕದಲ್ಲೇ ಉಳಿಯಿತು. ಅದು ಯಾರದೆಂದು ಅವಳಿಗೆ ಗೊತ್ತಿರಲಿಲ್ಲ.

ಅಮ್ಮ ಸ್ಟಾಪಿನಲ್ಲಿ ನಿಂತಿದ್ದಳು. ಅಕ್ಕ ಇಳಿದವಳೇ, “ಏನಮ್ಮಾ ಇಲ್ಲಿ ಬಂದು ನಿಂತಿದೀಯ? ಒಲೆ ಮೇಲೆ ಏನಾದ್ರೂ ಇಟ್ಟು ಬಂದ್ಯಾ?” ಎಂದಳು.

“ಇಲ್ಲ ಕಣವ್ವಾ,” ಎಂದಳು ಅಮ್ಮ. “ಗ್ಯಾಸ್ ಆರಿಸೇ ಬಂದೆ.” ಕೈ ಮುಂದೆ ಚಾಚಿ, ಮುಟ್ಟಲು ಧೈರ್ಯವಾಗದೆ, ಅಕ್ಕನ ಬ್ಯಾಗ್ ಮಾತ್ರ ಇಸಿದುಕೊಂಡಳು. ಮನೆಗೆ ಹೋಗುವ ದಾರಿಯಲ್ಲಿ ಮೂರನೆಯ ಅಡ್ಡರಸ್ತೆ ಸಿಗುತ್ತದೆ. ಅಂಬುಜಮ್ಮ ಬೇವಿನ ಮರದ ಕೆಳಗೆ ನಿಂತಿದ್ದರು. ಅಕ್ಕ ಆ ಕಡೆ ಒಮ್ಮೆ ನೋಡಿದಳು, ಯಾರೋ ಮುದುಕಿ ಎನ್ನುವ ಹಾಗೆ, ಮುಂದೆ ನಡೆದಳು. ಮನೆ ಬಾಗಿಲಲ್ಲಿ ಚಪ್ಪಲಿ ಬಿಟ್ಟು, ಹದಿನೆಂಟು ತಿಂಗಳ ಆ 14 ಅನ್ನು ಅಂಗೈಯಲ್ಲಿ ಒರೆಸಿ, ಕೈಯನ್ನು ಸೆರಗಿಗೆ ಉಜ್ಜಿಕೊಂಡು ಒಳಗೆ ಹೋದಳು. ನಾನೂ ನನ್ನದನ್ನು ಒರೆಸಿದೆ. ಅಮ್ಮ ಬರಿಯ ಸ್ಲೇಟು ನೋಡುತ್ತಾ ಹೊಸಲಿನ ಮೇಲೆ ಕೂತುಬಿಟ್ಟಳು.

ಅಕ್ಕ ನನ್ನ ಹತ್ತಿರ ಮಾತಾಡಲಿಲ್ಲ. ಊರಿಗೆಲ್ಲ ಹದಿನೆಂಟು ತಿಂಗಳು ಹಳೆಯದಾದ ಜಗಳ ಅವಳಿಗೆ ಅವತ್ತು ಬೆಳಿಗ್ಗೆಯದು. “ಅಮ್ಮಾ, ಅವನಿಗೆ ಊಟಕ್ಕೆ ಬಾ ಅನ್ನು.” “ಅಮ್ಮಾ, ಅವನಿಗೆ ಟವೆಲ್ ಒಣಗಿಹಾಕೋಕೆ ಹೇಳು.” ಈಗ ಮೆಟ್ರೊ ಎಂದು ಬರೆದು ಹೋಗುತ್ತಾಳೆ, ಮೆಟ್ರೊದಲ್ಲೇ ಬರುತ್ತಾಳೆ. ಹೊಸ ಫಾರ್ಮು ಬಂತು, ಸಹಿ ಹಾಕಿದೆ. ಭಾನುವಾರ ನಾನು ಸೀರೆಯಿಲ್ಲದೆಯೇ ಅಂಬುಜಮ್ಮನ ಮನೆಗೆ ಹೋಗುತ್ತೇನೆ. ಆಕೆ ಮರೆತು ಮೂರು ಲೋಟ ಕಾಫಿ ತರುತ್ತಾರೆ. ಅವಳು ಬಸ್ಸಿನಲ್ಲಿ ಏನು ಹೇಳಬೇಕೆಂದಿದ್ದಳು, ನಿಮಗೇನಾದರೂ ಗೊತ್ತೇ ಎಂದು ಕೇಳಿದೆ. “ನನ್ನ ಹತ್ರ ಹೇಳಿದ್ರೆ ನಾನೇ ಬಂದು ಹೇಳ್ತಿರ್ಲಿಲ್ವೇನಪ್ಪಾ?” ಎಂದರು.

ನಿನ್ನೆ ಊಟಕ್ಕೆ ಕೂತಾಗ ತಡೆಯಲಾಗಲಿಲ್ಲ. “ಅಮ್ಮಾ, ಇವಳಿಗೆ ಹೇಳು, ಒಬ್ಬರು ಒಂದು ಮಾತು ಹೇಳಿ ಕಳಿಸಿದ್ರು ಅಂತ,” ಎಂದೆ.

“ಅಮ್ಮಾ, ಯಾರಂತೆ ಕೇಳು.”

“ಕುಚ್ಚು ಹಾಕೋ ಮನೇಲಿ ಇದ್ದೋರು ಅನ್ನು.”

ಅಕ್ಕನ ಕೈ ಅನ್ನದ ಮೇಲೆ ನಿಂತಿತು. ಈ ಬಡಾವಣೆಯಲ್ಲಿ ಇಂಥ ಮಾತನ್ನು ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ. “ಏನು ಹೇಳಿದ್ರಂತೆ ಕೇಳಮ್ಮಾ,” ಎಂದಳು, ದನಿ ತಗ್ಗಿತ್ತು.

“ಅಷ್ಟರಲ್ಲಿ ಕಮಾನು ಬಂತು ಅನ್ನು.”

ಅಮ್ಮ ಇಬ್ಬರ ಮುಖವನ್ನೂ ನೋಡುತ್ತಾ ಸೌಟು ಹಿಡಿದು ಕೂತಿದ್ದಳು. ಅಕ್ಕ ತಟ್ಟೆಯಿಂದ ಕಣ್ಣೆತ್ತಿದಳು. ಆ ದಿನದಿಂದ ಮೊದಲ ಸಲ ನೇರ ನನ್ನನ್ನೇ ಕೇಳಿದಳು.

“ಅವಳು ಚೆನ್ನಾಗಿದ್ಲೇನೋ?”

“ಹೂಂ,” ಎಂದೆ. “ತುಂಬ ನಗ್ತಿದ್ಲು. ಹೊಟ್ಟೆ ಹಿಡ್ಕೊಂಡು.”

ಅಕ್ಕ ಅಮ್ಮನ ಕೈಯಿಂದ ಸೌಟು ತೆಗೆದುಕೊಂಡು, ಕೇಳದೆಯೇ ನನ್ನ ತಟ್ಟೆಗೆ ಇನ್ನಷ್ಟು ಸಾರು ಬಡಿಸಿದಳು. ಕೈ ತೊಳೆದು ಬಾಗಿಲಿಗೆ ಹೋಗಿ, ಬೀದಿಯ ಈ ತುದಿ ಆ ತುದಿ ನೋಡುತ್ತಾ ಬಹಳ ಹೊತ್ತು ನಿಂತಿದ್ದಳು, ಆ ಕುಚ್ಚಿನ ಮನೆ ಯಾವ ಕಡೆಗಿದೆ ಎಂದು ನಾನು ಹೇಳಲಿ ಎನ್ನುವ ಹಾಗೆ.